ಪದಚರ್ಚೆ: ಆದಿವಾಸಿಗೆ ಸಲ್ಲುವ ಗಣಿ ಹಣವನ್ನೂ ‘ರಾಜಧನ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಗಣಿಗಾರಿಕೆ ಮತ್ತು ಆದಿವಾಸಿಗಳ ಬದುಕಿನ ಬಗ್ಗೆ ಒಂದು ಸಣ್ಣ ಪುಸ್ತಿಕೆ ಬರೆಯುತ್ತಿದ್ದೇನೆ. ‘ರಾಯಲ್ಟಿ’ಗೆ ಯಾವ ಪದ ಹಾಕುವುದು ಎಂದು ತೀರ್ಮಾನವಾಗುತ್ತಿಲ್ಲ.

ಸರ್ಕಾರಿ ಕನ್ನಡದಲ್ಲಿ ಅದು ‘ರಾಜಧನ’. ಗಣಿಯವರು ಸರ್ಕಾರಕ್ಕೆ ಕಟ್ಟುವ ಹಣಕ್ಕೆ ಸರಿ, ತಕರಾರಿಲ್ಲ. ಆದರೆ ಆಸ್ಟ್ರೇಲಿಯಾದ ಉತ್ತರ ಪ್ರಾಂತ್ಯದಲ್ಲಿ 1976ರ ಭೂಹಕ್ಕು ಕಾನೂನು ಇದೆ. ಮೂಲನಿವಾಸಿಗಳ ನೆಲದಲ್ಲಿ ಗಣಿ ನಡೆದರೆ, ಬಂದ ರಾಯಲ್ಟಿಯಷ್ಟೇ ಮೊತ್ತವನ್ನು ಸರ್ಕಾರ ಅವರಿಗಾಗಿ ಇರುವ ಖಾತೆಗೆ ಹಾಕಬೇಕು. ಅದರಲ್ಲಿ ಶೇ. 30 ಗಣಿಯ ಆಸುಪಾಸಿನವರಿಗೆ. ಇದನ್ನೂ ರಾಜಧನ ಅಂದರೆ ನಮ್ಮ ಮಕ್ಕಳು ಸುಮ್ನೆ ಬಿಡುವವರಲ್ಲ, ‘ರಾಜ ಯಾರು ಮಾಷ್ಟ್ರೇ?’ ಎಂದು ಕೇಳುತ್ತಾರೆ.

‘ಗೇಣಿ’ ಆಗಬಹುದಾ? ಮೂಲಗೇಣಿ (ಶಾಶ್ವತ ಗೇಣಿ), ಚಾಲಗೇಣಿ (ವರ್ಷ ವರ್ಷದ ಗೇಣಿ) ನಮ್ಮ ಕಡೆಯ ಹಿರಿಯರಿಗೆ ಚೆನ್ನಾಗಿ ಗೊತ್ತು. ರಾಯಲ್ಟಿ ತೆರಿಗೆಯಲ್ಲ, ಗುತ್ತಿಗೆ ಪಡೆದವನು ಕೊಟ್ಟವನಿಗೆ ಸಲ್ಲಿಸುವ ಪ್ರತಿಫಲ ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವೂ 2024ರ ಜುಲೈಯಲ್ಲಿ ಹೇಳಿತು. ಅಲ್ಲಿಗೆ ಇದು ಗೇಣಿಯ ಜಾತಿಯೇ, ಅಲ್ವಾ? ಆದರೂ ನನಗೆ ಒಪ್ಪಿಗೆಯಿಲ್ಲ. ಗೇಣಿಗೆ ಕೊಟ್ಟ ಗದ್ದೆ ಮುಂದಿನ ವರ್ಷವೂ ಇರುತ್ತದೆ. ಅಗೆದು ಸಾಗಿಸಿದ ಅದಿರು ಇರುವುದಿಲ್ಲ. ಆ ಹಣ ವರ್ಷದ ಆದಾಯದಂತೆ ಕಂಡರೂ ಆಸ್ತಿ ಮಾರಿ ಬಂದದ್ದು.

‘ಪರಿಹಾರ’ ಇನ್ನೂ ತೊಡಕಿನದು. ಅದು ಸಾಮಾನ್ಯವಾಗಿ ಪಟ್ಟೆ, ಅಂದರೆ ಜಮೀನಿನ ಹಕ್ಕುಪತ್ರ, ಇದ್ದವನ ಕೈಗೆ ಹೋಗುತ್ತದೆ. ಇಲ್ಲಿನ ಕೊರಗ ಆದಿವಾಸಿಗಳು ಕಾಡಿನ ಬಳ್ಳಿ ತಂದು ಬುಟ್ಟಿ ಹೆಣೆದು ಮಾರುವವರು. ಕಲ್ಲಿನ ಕೋರೆಗೆಂದು ಗುಡ್ಡ ಕೆರೆದರೆ ಬಳ್ಳಿಯೂ ಹೋಯಿತು, ಬುಟ್ಟಿಯ ಸಂಪಾದನೆಯೂ ಹೋಯಿತು. ಆ ನಷ್ಟಕ್ಕೆ ಯಾವ ಕಾಗದದಲ್ಲೂ ಕಾಲಂ ಇಲ್ಲ. ಬಹಳ ಆದರೆ ಅದೇ ಕೋರೆಯಲ್ಲಿ ಕೂಲಿ ಸಿಗಬಹುದು, ಯಂತ್ರ ಬಂದ ಮೇಲೆ ಅದೂ ಕಡಿಮೆ.

ನನಗೆ ಇಷ್ಟವಾದ ಪದ ‘ಪಾಲು’. ಆಂಧ್ರದ ಸಮತಾ ಎಂಬ ಸಂಸ್ಥೆ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 1997ರ ತೀರ್ಪು ಪರಿಶಿಷ್ಟ ಪ್ರದೇಶದ (ಸಂವಿಧಾನದಡಿ ಆದಿವಾಸಿಗಳಿಗಾಗಿ ಗುರುತಿಸಿದ ಪ್ರದೇಶ) ಸರ್ಕಾರಿ ಜಮೀನನ್ನು ಖಾಸಗಿ ಗಣಿ ಕಂಪನಿಗಳಿಗೆ ಕೊಡಬಾರದು ಎಂದಿತು. ನಿವ್ವಳ ಲಾಭದಲ್ಲಿ ಕನಿಷ್ಠ ಶೇ. 20 ಸ್ಥಳೀಯರ ಅಭಿವೃದ್ಧಿಗೆ ತೆಗೆದಿಡಬೇಕು ಎಂದೂ ಹೇಳಿತು. ಇದು ನಿಜವಾಗಿ ಪಾಲಿನ ಮಾತು. ಕೇಂದ್ರದ 2011ರ ಗಣಿ ಮಸೂದೆಯಲ್ಲಿ ಕಲ್ಲಿದ್ದಲಿನ ಲಾಭದ ಶೇ. 26 ಎಂದಿತ್ತು, ಆದರೆ ಮಸೂದೆ ಪಾಸಾಗಲೇ ಇಲ್ಲ. ಕೊನೆಗೆ ಗಣಿ ಕಾನೂನಿನ 2015ರ ತಿದ್ದುಪಡಿಯಲ್ಲಿ ಬಂದದ್ದು ಜಿಲ್ಲಾ ಖನಿಜ ಪ್ರತಿಷ್ಠಾನ, ಅಂದರೆ ಗಣಿಯಿಂದ ತೊಂದರೆಗೊಳಗಾದವರಿಗಾಗಿ ಜಿಲ್ಲೆಯಲ್ಲಿರುವ ಟ್ರಸ್ಟು. ಹಳೆಯ ಗುತ್ತಿಗೆಯವರು ರಾಯಲ್ಟಿಯ ಶೇ. 30ರಷ್ಟು, ಹರಾಜಿನಲ್ಲಿ ಪಡೆದವರು ಶೇ. 10ರಷ್ಟು ಅದಕ್ಕೆ ಕಟ್ಟಬೇಕು. ಲಾಭ ಎಂಬ ಮಾತೇ ಮಾಯ! ಹಣ ಟ್ರಸ್ಟಿಗೆ ಹೋಗುತ್ತದೆ, ಮನೆಗಳಿಗಲ್ಲ. ಪಾಲು ಎಂದರೆ ‘ನನ್ನದು ಕೊಡು’ ಎಂದು ಕೇಳುವ ಹಕ್ಕು ಇರಬೇಕು. ಹಾಗಾಗಿ ಇದಕ್ಕೆ ‘ವಂತಿಗೆ’ ಸಾಕು ಅನಿಸುತ್ತದೆ.

ಸದ್ಯಕ್ಕೆ ಆಸ್ಟ್ರೇಲಿಯಾದ್ದಕ್ಕೆ ‘ನೆಲದವರ ಪಾಲು’, ಪ್ರತಿಷ್ಠಾನದ್ದಕ್ಕೆ ‘ಗಣಿ ವಂತಿಗೆ’ ಎಂದು ಬರೆದಿದ್ದೇನೆ. ‘ನೆಲದವರು’ ಎಂದರೆ ಪಟ್ಟೆದಾರರು ಎಂಬ ಅರ್ಥ ಬಂದುಬಿಡುತ್ತದಾ? ಸಂಡೂರು, ರಾಯದುರ್ಗದ ಕಡೆ ಅದಿರಿನ ಊರುಗಳಲ್ಲಿ ಜನ ಈ ಹಣಕ್ಕೆ ಏನೆನ್ನುತ್ತಾರೆ? ರಾಯಲ್ಟಿ ಅಂತಲೇ ಹೇಳುತ್ತಾರಾ, ಬೇರೆ ಮಾತುಂಟಾ? ಬಲ್ಲವರು ತಿಳಿಸಿ.