ಪದಚರ್ಚೆ: ಪೊಟ್ಯಾಶ್, ಪೊಟ್ಯಾಶಿಯಂ, ಪಾಲಾಶ. ಹೊಲಕ್ಕೆ ಯಾವುದು, ದನಕ್ಕೆ ಯಾವುದು?

ಎಲ್ಲರಿಗೂ ನಮಸ್ಕಾರ.

ಕಲಬುರಗಿಯಲ್ಲಿ ರೈತರಿಗಾಗಿ ಒಂದು ಸಣ್ಣ ಕೈಪಿಡಿ ತಯಾರಾಗುತ್ತಿದೆ. ಬೆಳೆಯ ಭಾಗವನ್ನು ಒಬ್ಬರು ಬರೆದಿದ್ದಾರೆ. ದನಕರುಗಳ ಭಾಗವನ್ನು ಬೀದರದ ಪಶುವೈದ್ಯರೊಬ್ಬರು ಬರೆದಿದ್ದಾರೆ. ಕರಡು ತಿದ್ದುವ ಕೆಲಸ ನನ್ನದು. ಬೆಳೆಯ ಭಾಗದಲ್ಲಿ ‘ಕಬ್ಬಿಗೆ ಪೊಟ್ಯಾಶ್ ಹಾಕಿ’ ಎಂದಿದೆ. ದನದ ಭಾಗದಲ್ಲಿ ‘ಬೇಸಿಗೆಯಲ್ಲಿ ಹಾಲು ಕೊಡುವ ಆಕಳಿಗೆ ಪೊಟ್ಯಾಶ್ ಜಾಸ್ತಿ ಬೇಕು’ ಎಂದಿದೆ. ಬಿಡಿಬಿಡಿಯಾಗಿ ಓದಿದರೆ ಎರಡೂ ಸರಿ. ಒಂದೇ ಪುಸ್ತಕದಲ್ಲಿ ಓದಿದರೆ ನನಗೆ ಹೆದರಿಕೆ. ನಮ್ಮ ಕಡೆ ಪೊಟ್ಯಾಶ್ ಅಂದ್ರೆ ಗೊಬ್ಬರದ ಅಂಗಡಿಯ ಕೆಂಪು ಹರಳು. ಯಾರಾದರೂ ಆ ಚೀಲದಿಂದ ಒಂದು ಹಿಡಿ ತೆಗೆದು ಗೋದಲಿಗೆ ಹಾಕಿಬಿಟ್ಟರೆ?

ಹಾಗಾಗಿ ಪದ ಬೇರೆ ಮಾಡಲೇಬೇಕು ಅನ್ನಿಸಿದೆ. ಹೇಗೆ ಮಾಡಬೇಕು ಅನ್ನೋದು ನನ್ನ ಪ್ರಶ್ನೆ. ನಾನು ಇಲ್ಲಿಯವರೆಗೆ ಯೋಚಿಸಿದ್ದನ್ನು ಕೆಳಗೆ ಬರೆದಿದ್ದೇನೆ.

ಮೊದಲು ಅಂಗಡಿಯ ಮಾತು. ಕಲಬುರಗಿಯ ಗೊಬ್ಬರದಂಗಡಿಯಲ್ಲಿ ಕೇಳಿ ಬರೆದುಕೊಂಡದ್ದು ಇದು:

“ಸಾಹುಕಾರ, ಪೊಟ್ಯಾಸ್ ಅದ ಏನ್ರಿ?”
“ಅದ. ಕೆಂಪಂದು ಬೇಕೋ ಬಿಳಿದು ಬೇಕೋ?”
“ಕಬ್ಬಿಗಿ ಬೇಕ್ರಿ.”
“ಹಂಗಾರ ಕೆಂಪಂದು ಒಯ್ಯಿ. ಬಿಳಿದು ಹೊಡಿಯೋದಕ್ಕ.”

ಇಲ್ಲಿ ‘ಕೆಂಪಂದು’ ಅಂದರೆ ಮ್ಯುರಿಯೇಟ್ ಆಫ್ ಪೊಟ್ಯಾಶ್. ಚೀಲದ ಮೇಲೆ ಎಂಒಪಿ ಎಂದಿರುತ್ತದೆ. ಆ ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದು, ಪೊಟ್ಯಾಶಿನದಲ್ಲ. ‘ಬಿಳಿದು’ ಅಂದರೆ ನೀರಿನಲ್ಲಿ ಪೂರ್ತಿ ಕರಗುವ 0-0-50 ಅಥವಾ 13-0-45 (ಈ ಅಂಕಿಗಳು ಸಾರಜನಕ, ರಂಜಕ, ಪೊಟ್ಯಾಶಿನ ಶೇಕಡಾ ಪಾಲು), ಅಂದರೆ ಎಲೆಗೆ ಸಿಂಪಡಿಸುವ ಬಗೆ. ಜನ ಬಣ್ಣದ ಮೇಲೆ ಲೀಲಾಜಾಲವಾಗಿ ವ್ಯವಹಾರ ಮಾಡುತ್ತಾರೆ. ಗೊಂದಲವೆಲ್ಲ ಬರೆಯೋರದ್ದು.

ಬರಹದಲ್ಲಿ ಈ ಒಂದೇ ಪದ ಮೂರು ಅರ್ಥಕ್ಕೆ ಓಡಾಡುತ್ತಿದೆ. ಗೊಬ್ಬರದ ಹೆಸರು ಒಂದು. ಗಿಡದೊಳಗೆ, ದನದ ರಕ್ತದೊಳಗೆ ಇರುವ ಧಾತು ಇನ್ನೊಂದು. ಮೂರನೆಯದು ಲೆಕ್ಕದ ಪೊಟ್ಯಾಶ್. ತಲೆನೋವು ಇದರದ್ದೇ.

50 ಕಿಲೊ ಎಂಒಪಿ ಚೀಲದ ಮೇಲೆ ‘ಪೊಟ್ಯಾಶ್ ಶೇ. 60’ ಎಂದು ಬರೆದಿರುತ್ತದೆ. ಹಾಗಾದರೆ 30 ಕಿಲೊ ಪೊಟ್ಯಾಶ್. ಆದರೆ ಇಲ್ಲಿ ಪೊಟ್ಯಾಶ್ ಅಂದರೆ ಪೊಟ್ಯಾಶಿಯಂ ಆಕ್ಸೈಡ್, ಕೆ2ಒ. ಆ ವಸ್ತು ಚೀಲದಲ್ಲಿ ಒಂದು ಕಾಳೂ ಇರುವುದಿಲ್ಲ! ಒಳಗಿರುವುದು ಪೊಟ್ಯಾಶಿಯಂ ಕ್ಲೋರೈಡ್. ಹಿಂದಿನ ರಸಾಯನ ಪಂಡಿತರು ಗಿಡ ಸುಟ್ಟು, ಬೂದಿ ತೂಗಿ, ಅದರಲ್ಲಿರುವುದನ್ನು ಆಕ್ಸೈಡಿನ ಲೆಕ್ಕದಲ್ಲಿ ಹೇಳುತ್ತಿದ್ದರು. ಆ ಪದ್ಧತಿ ಗೊಬ್ಬರದ ವ್ಯಾಪಾರದಲ್ಲಿ ಇವತ್ತಿಗೂ ಉಳಿದುಕೊಂಡಿದೆ. ಕೆ2ಒ ಲೆಕ್ಕವನ್ನು 0.83ರಿಂದ ಗುಣಿಸಿದರೆ ನಿಜವಾದ ಪೊಟ್ಯಾಶಿಯಂ ಸಿಗುತ್ತದೆ. 30 ಕಿಲೊ ಪೊಟ್ಯಾಶ್ ಅಂದರೆ ಸುಮಾರು 25 ಕಿಲೊ ಪೊಟ್ಯಾಶಿಯಂ. ರಂಜಕದ್ದೂ ಇದೇ ಕಥೆ, ಅದನ್ನು ಇಲ್ಲಿ ಬೆಳೆಸುವುದು ಬೇಡ.

ಇದು ಬರೀ ಪಂಡಿತರ ತಕರಾರಲ್ಲ. ಮಣ್ಣಿನ ಪರೀಕ್ಷೆಯ ಚೀಟಿಯನ್ನು ನೋಡಿ. ಹೆಕ್ಟೇರಿಗೆ 280 ಕಿಲೊಗಿಂತ ಜಾಸ್ತಿ ಪೊಟ್ಯಾಶಿಯಂ ಇದ್ದರೆ ‘ಹೆಚ್ಚು’ ಎಂದು ಬರೆಯುವ ರೂಢಿ. ಅದೇ ಗೆರೆ ಕೆ2ಒ ಲೆಕ್ಕದಲ್ಲಿ ಸುಮಾರು 337 ಆಗುತ್ತದೆ. ಚೀಟಿಯಲ್ಲಿ 300 ಎಂದು ಬರೆದು ಪಕ್ಕದಲ್ಲಿ ಸುಮ್ನೆ ‘ಪೊಟ್ಯಾಶ್’ ಎಂದಿಟ್ಟರೆ ಅದು ಹೆಚ್ಚೋ, ಮಧ್ಯಮವೋ? ಹೇಳುವ ಹಾಗೇ ಇಲ್ಲ. ಒಂದು ಚೀಲದ ದುಡ್ಡು ಉಳಿಯುವುದೂ ಹೋಗುವುದೂ ಆ ಒಂದು ಪದದ ಮೇಲೆ ನಿಂತಿದೆ.

ಅದೇ ಚೀಟಿಯಲ್ಲಿ ‘ಲಭ್ಯ ಪೊಟ್ಯಾಶ್’ ಎಂದೂ ಇರುತ್ತದೆ. ನಮ್ಮ ಎರೆ ಹೊಲದಲ್ಲಿ ಪೊಟ್ಯಾಶಿಯಂ ಸಾಮಾನ್ಯವಾಗಿ ಧಾರಾಳ. ಆದರೆ ಅದರ ದೊಡ್ಡ ಪಾಲು ಜೇಡಿಯ ಪದರಗಳ ನಡುವೆ ಸಿಕ್ಕಿಬಿದ್ದಿರುತ್ತದೆ. ಬೇರಿಗೆ ಸಿಗುವುದು ಸ್ವಲ್ಪವೇ, ಪರೀಕ್ಷೆ ಹೇಳುವುದೂ ಅದನ್ನೇ. ಬೀದರದ ಕೆಂಪು ಜಂಬಿಟ್ಟಿಗೆ ಮಣ್ಣಿನ ಕಥೆ ಬೇರೆ, ಅಲ್ಲಿ ಮಳೆ ತೊಳೆದು ತೊಳೆದು ಮೂಲದಲ್ಲೇ ಕಮ್ಮಿ. ‘ಲಭ್ಯ’ದ ಬದಲು ‘ಬೇರಿಗೆ ದಕ್ಕುವ’ ಎಂದು ಬರೆದಿದ್ದೇನೆ. ಉದ್ದ ಆಯಿತೇನೋ, ಆದರೂ ಓದಿದ ಕೂಡಲೇ ತಿಳಿಯುತ್ತದೆ.

ಈಗ ಪೊಟ್ಯಾಶಿಯಂಗೆ ಕನ್ನಡದ್ದೇ ಒಂದು ಹೆಸರು ಬೇಕಾ ಅನ್ನೋ ಪ್ರಶ್ನೆ. ಸಾರಜನಕ ಇದೆ, ರಂಜಕ ಇದೆ, ಮೂರನೆಯದು ಮಾತ್ರ ಇಂಗ್ಲಿಷಿನದ್ದೇ ಯಾಕೆ ಎಂದು ಕೈಪಿಡಿಯ ಬಳಗದಲ್ಲಿ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಗಡಿಯಲ್ಲಿ ಇರುವ ನಮಗೆ ಅಕ್ಕಪಕ್ಕದ ಪದಗಳು ಕಿವಿಗೆ ಬೀಳುತ್ತಲೇ ಇರುತ್ತವೆ. ತೆಲುಗಿನಲ್ಲಿ ನತ್ರಜನಿ, ಭಾಸ್ವರಂ, ಆಮೇಲೆ ಪೊಟಾಷ್. ಅವರೂ ಮೂರನೆಯದಕ್ಕೆ ಕೈ ಹಾಕಿಲ್ಲ. ಮರಾಠಿಯಲ್ಲಿ ಮಾತ್ರ ನತ್ರ, ಸ್ಫುರದ, ಪಾಲಾಶ. ಔರಾದ, ಭಾಲ್ಕಿ ಕಡೆಯ ರೈತರಿಗೆ ‘ಪಾಲಾಶ’ ಹೊಸದೇನಲ್ಲ, ಆಚೆ ಕಡೆಯ ಮರಾಠಿ ಹಾಳೆಗಳಲ್ಲಿ ಓದಿರುತ್ತಾರೆ. ಪೊಟ್ಯಾಶ್ ಎಂಬ ಸದ್ದಿಗೂ ಹತ್ತಿರ, ಬೂದಿಗೂ ಹತ್ತಿರ. ಮುತ್ತುಗದ ಬೂದಿಯಿಂದ ತೆಗೆಯುವ ‘ಪಲಾಶ ಕ್ಷಾರ’ ಆಯುರ್ವೇದದಲ್ಲಿ ಇದೆಯಲ್ಲ.

ಕೇಳಲು ಚೆಂದ. ಆದರೂ ನನಗೆ ಒಪ್ಪಿಗೆಯಿಲ್ಲ. ಕನ್ನಡದಲ್ಲಿ ಪಲಾಶ ಎಂದರೆ ಮರ. ನಮ್ಮ ಕಡೆಯ ಮುತ್ತಲ ಗಿಡ, ಪತ್ರಾವಳಿ ಹಚ್ಚುವ ಎಲೆ. ‘ಎಕರೆಗೆ ಇಷ್ಟು ಕಿಲೊ ಪಾಲಾಶ’ ಎಂದು ಚಿತ್ತಾಪುರದಲ್ಲೋ ಸೇಡಂನಲ್ಲೋ ಓದಿದರೆ ಎಲೆಗೊಬ್ಬರ ಅಂದುಕೊಳ್ಳುತ್ತಾರೆ.

‘ಕ್ಷಾರ’ ಎಂದು ಇನ್ನೊಬ್ಬರು ಹೇಳಿದರು. ವಂಶಾವಳಿ ನೋಡಿದರೆ ಇದು ಪಕ್ಕಾ. ಪೊಟ್ಯಾಶ್ ಎಂಬ ಇಂಗ್ಲಿಷ್ ಪದವೇ ಗಡಿಗೆಯಲ್ಲಿ ಬೂದಿನೀರು ಕುದಿಸಿ ಇಂಗಿಸಿದ ಪುಡಿಯ ಹೆಸರು. ಹಂಫ್ರಿ ಡೇವಿ 1807ರಲ್ಲಿ ಕಾಸ್ಟಿಕ್ ಪೊಟ್ಯಾಶ್ ಕರಗಿಸಿ, ವಿದ್ಯುತ್ ಹರಿಸಿ ಈ ಧಾತುವನ್ನು ಬೇರ್ಪಡಿಸಿದ. ಅದೇ ಪೊಟ್ಯಾಶಿನಿಂದ ಪೊಟ್ಯಾಶಿಯಂ ಎಂದು ಹೆಸರಿಟ್ಟ. ‘ಕೆ’ ಅನ್ನೋ ಗುರುತು ಬಂದದ್ದು ಕೇಲಿಯಂ ಎಂಬ ಹೆಸರಿನಿಂದ, ಅದರ ಬೇರು ಅರಬ್ಬಿಯ ‘ಅಲ್ ಕಲೀ’. ಅದೂ ಗಿಡದ ಬೂದಿಯೇ. (ಸಾರಜನಕ, ರಂಜಕ, ಪೊಟ್ಯಾಶಿಯಂಗಳ ಗುರುತಾದ ಎನ್‌ಪಿಕೆಯಲ್ಲಿ ಪೊಟ್ಯಾಶಿಗೆ ‘ಪಿ’ ಯಾಕಿಲ್ಲ ಎಂದು ಶಾಲೆ ಮಕ್ಕಳು ಕೇಳಿದರೆ ಈ ಉತ್ತರ ಇಟ್ಟುಕೊಳ್ಳಿ.) ಆದರೆ ಕ್ಷಾರ ಎಂದ ಕೂಡಲೇ ನಮ್ಮ ರೈತನ ಕಣ್ಣಿಗೆ ಬರುವುದು ಸವಳು ಹೊಲ. ಕಾಲುವೆ ನೀರು ನಿಂತು ನಿಂತು ಬಿಳಿ ಉಪ್ಪು ಮೇಲೆದ್ದ ನೆಲ. ಶಹಾಪುರ, ಸುರಪುರದ ಕಡೆ ಕೇಳಿ ನೋಡಿ. ಅದು ಹೆಚ್ಚಾಗಿ ಸೋಡಿಯಂನ ಕಾಟ. ‘ಹೊಲಕ್ಕೆ ಕ್ಷಾರ ಹಾಕಿ’ ಎಂದು ಬರೆದರೆ ಓದಿದವರು ನಗುತ್ತಾರೆ, ಇಲ್ಲಾ ಬೈತಾರೆ. ಮಾತಿನಲ್ಲಿ ಅದು ‘ಖಾರ’ ಆಗಿ ಅಡುಗೆಮನೆಗೂ ಹೋಗಿದೆ, ಮೆಣಸಿನಪುಡಿ ಡಬ್ಬಿಗೆ ಒಂದು, ಹಪ್ಪಳದ ಖಾರಕ್ಕೆ ಒಂದು.

ನನಗೆ ಇಷ್ಟವಾದ ಹಳೆಯ ಪದ ‘ಪೆಟ್ಲುಪ್ಪು’. ಸಿಡಿಮದ್ದಿಗೆ ಹಾಕುತ್ತಿದ್ದ ಉಪ್ಪು, ಪೊಟ್ಯಾಶಿಯಂ ನೈಟ್ರೇಟ್. ಉರ್ದು ಬಲ್ಲವರು ‘ಶೋರಾ’ ಎನ್ನುತ್ತಾರೆ. ಬೀದರದಲ್ಲಿ ಇದರ ನಂಟು ಇನ್ನೂ ಜೀವಂತ. ಬಿದ್ರಿ ಕೆಲಸದಲ್ಲಿ ಸತುವು, ತಾಮ್ರದ ಪಾತ್ರೆ ಕಪ್ಪಾಗಲು ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕದಡಿ ಹಚ್ಚುತ್ತಾರೆ. ಬೆಳ್ಳಿಯ ಗೆರೆ ಹಾಗೇ ಹೊಳೆಯುತ್ತದೆ, ಉಳಿದದ್ದು ಇದ್ದಿಲ ಕಪ್ಪಾಗುತ್ತದೆ. ಆ ಮಣ್ಣಿನಲ್ಲಿ ಪೆಟ್ಲುಪ್ಪಿನ ಅಂಶ ಇದೆ ಎನ್ನುತ್ತಾರೆ. ಕೆಲಸಗಾರರು ಚಿಟಿಕೆ ಮಣ್ಣನ್ನು ನಾಲಿಗೆಯ ಮೇಲಿಟ್ಟು, ರುಚಿ ನೋಡಿಯೇ ಆರಿಸುತ್ತಾರೆ. ಅಂಗಡಿಯ 13-0-45 ಅನ್ನೋದೂ ಇದೇ ಪೆಟ್ಲುಪ್ಪು. ಅದಕ್ಕಾದರೆ ಈ ಹೆಸರು ಚೆನ್ನಾಗಿ ಒಪ್ಪುತ್ತದೆ. ಆದರೆ ಎಲ್ಲ ಪೊಟ್ಯಾಶಿಯಂಗೂ ಇದನ್ನೇ ಹಚ್ಚಲು ಬರುವುದಿಲ್ಲ.

ಕೊನೆಗೆ ನಾನು ಹಾಕಿಕೊಂಡ ಕಟ್ಟು ಇಷ್ಟು. ಗೊಬ್ಬರಕ್ಕೂ ಗೊಬ್ಬರದ ಲೆಕ್ಕಕ್ಕೂ ‘ಪೊಟ್ಯಾಶ್’. ಜೀವದೊಳಗಿನ ಧಾತುವಿಗೆ ‘ಪೊಟ್ಯಾಶಿಯಂ’. ಮಣ್ಣಿನ ಚೀಟಿಯಲ್ಲಿ ಯಾವ ಲೆಕ್ಕ ಅನ್ನೋದು ಪಕ್ಕದಲ್ಲೇ ಇರಬೇಕು. ಸಕ್ಕರೆ ಕಾರ್ಖಾನೆಗಳ ಡಿಸ್ಟಿಲರಿ ಬೂದಿಯಿಂದ ಬರುವ ಪಿಡಿಎಂಗೆ (ಕಾಕಂಬಿಯಿಂದ ಪಡೆದ ಪೊಟ್ಯಾಶ್ ಎಂಬುದರ ಇಂಗ್ಲಿಷ್ ಚಿಕ್ಕ ಹೆಸರು) ‘ಕಾಕಂಬಿ ಪೊಟ್ಯಾಶ್’ ಎಂದಿಟ್ಟಿದ್ದೇನೆ. 2021ರಲ್ಲಿ ಅದಕ್ಕೂ ಸಬ್ಸಿಡಿ ಬಂತು. ಅದರಲ್ಲಿ ಪೊಟ್ಯಾಶ್ ಶೇ. 14.5ರ ಆಸುಪಾಸು, ಎಂಒಪಿಯ ಕಾಲು ಭಾಗವೂ ಇಲ್ಲ ಎಂಬುದನ್ನು ಹೆಸರಿನ ಜೊತೆಗೇ ಹೇಳಬೇಕು.

ಬೆಳೆಯ ಭಾಗದಲ್ಲಿ ಇನ್ನೆರಡು ಪದಗಳ ಬಗ್ಗೆ ಸಲಹೆ ಬೇಕು. ಪೊಟ್ಯಾಶಿಯಂ ಗಿಡದಲ್ಲಿ ಯಾವುದರ ಭಾಗವೂ ಆಗುವುದಿಲ್ಲ. ರಸದಲ್ಲಿ ಕರಗಿಕೊಂಡು ಓಡಾಡುತ್ತಲೇ ಇರುತ್ತದೆ. ಎಲೆಯ ಸಣ್ಣ ತೂತುಗಳ ಬಾಗಿಲು ತೆಗೆಯುವುದು, ಹಾಕುವುದು ಇದರ ಕೆಲಸ. ಬರದಲ್ಲಿ ನೀರು ಉಳಿಯಬೇಕಾದರೆ ಆ ಬಾಗಿಲು ಹೊತ್ತಿಗೆ ಸರಿಯಾಗಿ ಮುಚ್ಚಬೇಕು. ಕರಡಿನಲ್ಲಿ ‘ಪತ್ರರಂಧ್ರ’ ಇದೆ. ‘ಎಲೆಯ ಉಸಿರುಗಂಡಿ’ ಎಂದರೆ ಹೇಗೆ? ಇನ್ನೊಂದು, ಕೊರತೆಯ ಗುರುತು. ಗಿಡ ಹಳೆಯ ಎಲೆಯಿಂದ ಪೊಟ್ಯಾಶಿಯಂ ಕಿತ್ತು ಎಳೆಯದಕ್ಕೆ ಕೊಡುತ್ತದೆ. ಅದಕ್ಕೆ ಕೆಳಗಿನ ಎಲೆಗಳ ಅಂಚು ಮೊದಲು ಹಳದಿಯಾಗಿ, ಆಮೇಲೆ ಸುಟ್ಟ ಹಾಗೆ ಕಂದು ಆಗುತ್ತದೆ, ನಡುವಿನ ಭಾಗ ಹಸಿರಾಗಿಯೇ ಇರುತ್ತದೆ. ಕರಡು ‘ಅಂಚಿನ ದಹನ’ ಎನ್ನುತ್ತದೆ! ನಮ್ಮವರು ‘ಎಲಿ ಅಂಚು ಕಮರ್‍ಯಾದ’ ಎನ್ನುತ್ತಾರೆ. ‘ಅಂಚು ಕಮರು’ ಎಂದು ಇಟ್ಟುಕೊಂಡಿದ್ದೇನೆ. ಮೈಸೂರಿನ ಕಡೆಯವರಿಗೆ ತಿಳಿಯುತ್ತದಾ?

ಬೆಳೆಯಿಂದ ದನಕ್ಕೆ ಹೋಗುವ ದಾರಿಯಲ್ಲಿ ಮೇವು ಇದೆ. ಜೋಳ ಹೀರಿದ ಪೊಟ್ಯಾಶಿಯಂನಲ್ಲಿ ಬಹುಪಾಲು ಕಣಕಿಯಲ್ಲೇ, ಅಂದರೆ ಒಣ ದಂಟಿನಲ್ಲೇ ಉಳಿಯುತ್ತದೆ, ತೆನೆಗೆ ಹೋಗುವುದು ಕಮ್ಮಿ. ಕಣಕಿ ತಿಂದ ದನ ಅದನ್ನು ಬಹಳಷ್ಟು ಉಚ್ಚೆಯಲ್ಲಿ ಹೊರಹಾಕುತ್ತದೆ. ಉಚ್ಚೆ ಕೊಟ್ಟಿಗೆಯ ಮೋರಿಯಲ್ಲಿ ಹರಿದು ಹೋದರೆ ತಿಪ್ಪೆಗೆ ಬರಬೇಕಾದ ಪೊಟ್ಯಾಶ್ ಓಣಿಯ ಪಾಲು. ಕೈಪಿಡಿಯಲ್ಲಿ ‘ಮೂತ್ರ’ ಎಂದಿದೆ. ಬದಲಿಸಲು ಹೋದರೆ ‘ಗಂಜಲ’ವೋ ‘ಉಚ್ಚೆ’ಯೋ ಎಂದು ಮತ್ತೊಂದು ಜಗಳ ಶುರುವಾಗುತ್ತದೆ, ಹಾಗೇ ಬಿಟ್ಟಿದ್ದೇನೆ.

ದನದ ವಿಷಯಕ್ಕೆ ಬಂದರೆ ವೈದ್ಯರ ಮಾತು ನೇರವಾಗಿದೆ. ಪೊಟ್ಯಾಶಿಯಂ ಜೀವಕೋಶದ ಒಳಗಿನ ಉಪ್ಪು, ಸೋಡಿಯಂ ಹೊರಗಿನದು. ನರ, ಸ್ನಾಯು, ಹೃದಯ ನಡೆಯುವುದು ಈ ಒಳ-ಹೊರಗಿನ ಅಂತರದ ಮೇಲೆ. ಹಾಲಿನಲ್ಲಿ ಕ್ಯಾಲ್ಸಿಯಂಗಿಂತ ಪೊಟ್ಯಾಶಿಯಂ ಒಂದಿಷ್ಟು ಜಾಸ್ತಿಯೇ ಇರುತ್ತದೆ. ಆಕಳ ಬೆವರಿನಲ್ಲೂ ಅದು ಹೋಗುತ್ತದೆ. ಅದಕ್ಕೇ ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ಹೈನಿನ ಆಕಳಿಗೆ ಬೇಡಿಕೆ ಏರುತ್ತದೆ. ಕರು ಹಾಕಿ ಮೇವು ಬಿಟ್ಟ ಆಕಳು ಏಳಲಾಗದೆ ಮಲಗಿದಾಗ ಎಲ್ಲರೂ ಮೊದಲು ಹಾಲುಜ್ವರ, ಕ್ಯಾಲ್ಸಿಯಂ ಕೊರತೆ ಎನ್ನುತ್ತಾರೆ. ಕೆಲವು ಸಲ ಪೊಟ್ಯಾಶಿಯಂ ಕುಸಿದಿರುತ್ತದೆ. ಇದನ್ನು ತಿಳಿದು ಔಷಧ ಕೊಡಬೇಕಾದವರು ಡಾಕ್ಟರು. ಪೊಟ್ಯಾಶಿಯಂ ರಕ್ತನಾಳಕ್ಕೆ ಅವಸರದಲ್ಲಿ ಹೋದರೆ ಹೃದಯವೇ ನಿಲ್ಲುತ್ತದೆ. ಮೇವಿನಲ್ಲಿ ತೀರಾ ಜಾಸ್ತಿಯಾದರೂ ತೊಂದರೆ, ಮೆಗ್ನೀಶಿಯಂ ಮೈಗೆ ಹತ್ತುವುದಿಲ್ಲ. ಹಸಿರು ಮೇವು ಚೆನ್ನಾಗಿ ತಿನ್ನುವ ದನಕ್ಕೆ ಪೊಟ್ಯಾಶಿಯಂ ಕೊರತೆ ಅಪರೂಪ, ಅದಕ್ಕೆ ಬೇಕಾಗುವುದು ಅಡುಗೆ ಉಪ್ಪು.

ಇಲ್ಲಿ ಇನ್ನೊಂದು ತೊಡಕು. ಕಾಲುಬಾಯಿ ಬೇನೆ ಬಂದಾಗ ಗೊರಸು ತೊಳೆಯುವ ನೇರಳೆ ನೀರನ್ನು ಕೆಲವರು ‘ಪೊಟ್ಯಾಶ್ ನೀರು’ ಎನ್ನುತ್ತಾರೆ, ಕೆಲವರು ‘ಲಾಲ್ ದವಾ’. ಅದು ಪೊಟ್ಯಾಶಿಯಂ ಪರ್ಮ್ಯಾಂಗನೇಟ್. ಅಲ್ಲಿ ಕ್ರಿಮಿ ಕೊಲ್ಲುವುದು ಪರ್ಮ್ಯಾಂಗನೇಟಿನ ಭಾಗ, ಪೊಟ್ಯಾಶಿಯಂ ಸುಮ್ನೆ ಜೊತೆಗಿರುತ್ತದೆ. ದನದ ಭಾಗದಲ್ಲಿ ‘ಪೊಟ್ಯಾಶ್’ ಎಂಬ ಪದವನ್ನೇ ಎತ್ತಬಾರದು ಅನ್ನೋ ನನ್ನ ಹಟಕ್ಕೆ ಇದೂ ಒಂದು ಕಾರಣ.

ಹಾಗಾಗಿ ಆ ವಾಕ್ಯವನ್ನು ಹೀಗೆ ತಿದ್ದಿದ್ದೇನೆ: ‘ಬೇಸಿಗೆಯಲ್ಲಿ ಹಾಲು ಕೊಡುವ ಆಕಳಿಗೆ ಪೊಟ್ಯಾಶಿಯಂ ಎಂಬ ಖನಿಜ ಹೆಚ್ಚು ಬೇಕು. ಅದು ಹಸಿರು ಮೇವಿನಿಂದ ಸಿಗುತ್ತದೆ. ಸಾಲದೆ ಬಂದರೆ ಎಷ್ಟು, ಯಾವುದು ಎಂದು ಡಾಕ್ಟರು ಹೇಳುತ್ತಾರೆ. ಗೊಬ್ಬರದ ಪೊಟ್ಯಾಶ್ ದನಕ್ಕೆ ತಿನ್ನಿಸಬಾರದು.’

ನಿಮ್ಮಲ್ಲಿ ಕೇಳುವುದು ಮೂರು. ನಿಮ್ಮ ಊರಿನಲ್ಲಿ ಎಂಒಪಿಗೆ ‘ಪೊಟ್ಯಾಶ್’ ಬಿಟ್ಟು ಬೇರೆ ಹೆಸರು ಕೇಳಿದ್ದೀರಾ? ‘ಪಾಲಾಶ’ವನ್ನು ಬೀದರದ ಆಚೆ, ವಿಜಯಪುರ ಅಥವಾ ಬೆಳಗಾವಿ ಕಡೆ ಕನ್ನಡದಲ್ಲೇ ಬಳಸುವವರು ಇದ್ದಾರಾ? ಮತ್ತೆ, ‘ಖನಿಜ’ ಎಂಬ ಪದ ದನದ ಮೇವಿನ ಮಾತಿನಲ್ಲಿ ಹೊಂದುತ್ತದಾ, ಅಥವಾ ನಮ್ಮ ಜನರಿಗೆ ಅದು ಗಣಿಯ ಕಲ್ಲಿನ ಹಾಗೇ ಕೇಳುತ್ತದಾ? ಕರಡು ಮುದ್ರಣಕ್ಕೆ ಹೋಗುವ ಮುಂಚೆ ಬರೆದರೆ ಉಪಕಾರ.