ಅಪ್‌ಡೇಟ್: 3×3 ಮ್ಯಾಟ್ರಿಕ್ಸಿನ ಇನ್ವರ್ಸ್ ತಾಳೆ ಆಗ್ತಿರಲಿಲ್ಲ, ಈಗ ಆಯ್ತು

(2, 1, 0), (0, 1, 1), (1, 0, 1) ಅಡ್ಡಸಾಲುಗಳ ಮ್ಯಾಟ್ರಿಕ್ಸಿಗೆ ಕೋಫ್ಯಾಕ್ಟರ್ ವಿಧಾನದಲ್ಲಿ ಇನ್ವರ್ಸ್ (ಗುಣಿಸಿದರೆ ಐಡೆಂಟಿಟಿ, ಅಂದರೆ ಮುಖ್ಯ ಕರ್ಣದಲ್ಲಿ 1, ಉಳಿದೆಡೆ 0 ಬರಿಸೋ ಮ್ಯಾಟ್ರಿಕ್ಸ್) ತೆಗೆದು, ಮೂಲ ಮ್ಯಾಟ್ರಿಕ್ಸನ್ನು ಅದರಿಂದ ಗುಣಿಸಿದರೆ ಮೊದಲ ಮೂಲೆಯಲ್ಲಿ 1ರ ಬದಲು 1/3 ಬರ್ತಿದೆ ಅಂತ ಕೇಳಿದ್ದೆ. ಬಗೆಹರಿಯಿತು.

ಪ್ಲಸ್-ಮೈನಸ್ ನೋಡಿ ಅಂದವರೇ ಹೆಚ್ಚು. ಚಿಹ್ನೆಗಳು ಸರಿಯಾಗೇ ಇದ್ದವು. ಡಿಟರ್ಮಿನೆಂಟ್ (ಮ್ಯಾಟ್ರಿಕ್ಸಿನ ಅಂಕಿಗಳಿಂದ ಲೆಕ್ಕ ಹಾಕಿ ತೆಗೆಯೋ ಒಂದೇ ಸಂಖ್ಯೆ) ಕೂಡ 3, ಯಾವ ಸಾಲಿನಿಂದ ಬಿಡಿಸಿದರೂ ಅಷ್ಟೇ. ಕೆಲಸಕ್ಕೆ ಬಂದಿದ್ದು ‘ಟ್ರಾನ್ಸ್‌ಪೋಸ್ ಆಗಿದೆಯಾ?’ ಅನ್ನೋ ಪುಟ್ಟ ಉತ್ತರ. ಅಡ್ಡಸಾಲುಗಳನ್ನು ಕಂಬಸಾಲು ಮಾಡೋ ಆ ಹೆಜ್ಜೆಯನ್ನೇ ಬಿಟ್ಟಿದ್ದೆ. ಕೋಫ್ಯಾಕ್ಟರುಗಳು (ಒಂದೊಂದು ಸ್ಥಾನದ ಅಡ್ಡಸಾಲು, ಕಂಬಸಾಲು ಬಿಟ್ಟು ಉಳಿದ 2×2ರ ಡಿಟರ್ಮಿನೆಂಟ್, ಅದರ ಚಿಹ್ನೆ ಸಮೇತ): (1, 1, −1), (−1, 2, 1), (1, −2, 2). ಅಡ್ಡಸಾಲನ್ನು ಕಂಬಸಾಲು ಮಾಡಿದರೆ (1, −1, 1), (1, 2, −2), (−1, 1, 2). ಇದನ್ನು 3ರಿಂದ ಭಾಗಿಸಿ ಗುಣಿಸಿದಾಗ ಐಡೆಂಟಿಟಿ ಸಲೀಸಾಗಿ ಬಂತು.

ಗೊತ್ತಿರದಿದ್ದ ಸಂಗತಿ: ಸಿಮೆಟ್ರಿಕ್ (ಅಡ್ಡಸಾಲು-ಕಂಬಸಾಲು ಅದಲುಬದಲು ಮಾಡಿದರೂ ಹಾಗೇ ಇರೋ) ಮ್ಯಾಟ್ರಿಕ್ಸಿನಲ್ಲಿ ಟ್ರಾನ್ಸ್‌ಪೋಸ್ ಬಿಟ್ಟರೂ ಉತ್ತರ ಸರಿಯೇ ಬರುತ್ತೆ, ಅದರ ಕೋಫ್ಯಾಕ್ಟರ್ ಮ್ಯಾಟ್ರಿಕ್ಸೂ ಸಿಮೆಟ್ರಿಕ್ಕೇ. ವಿಧಾನ ಪರೀಕ್ಷಿಸೋಕೆ ಅಂಥದ್ದನ್ನ ಆರಿಸಲೇಬೇಡಿ, ತಪ್ಪು ಅಡಗಿಬಿಡುತ್ತೆ.

ಡಿಟರ್ಮಿನೆಂಟ್ ತೆಗೆಯೋಕೆ, ಕರ್ಣಗಳ ಗುಣಲಬ್ಧ ಕೂಡಿ ಕಳೆಯೋ 3×3ರ ಕರ್ಣದ ಶಾರ್ಟ್‌ಕಟ್ಟನ್ನೇ 4×4ಕ್ಕೂ ಹಾಕಿ ಅಂದಿದ್ದರಲ್ಲ, ಅದು ಆಗಲ್ಲ. ಬೇಕಾಗೋದು 24 ಪದ, ಕರ್ಣಗಳಿಂದ ಸಿಗೋದು ಬರೀ 8. ತ್ರಿಕೋನ ರೂಪಕ್ಕೆ (ಮುಖ್ಯ ಕರ್ಣದ ಕೆಳಗೆಲ್ಲ 0 ಬರುವಂತೆ, ಒಂದು ಸಾಲಿನ ಗುಣಕವನ್ನು ಇನ್ನೊಂದರಿಂದ ಕಳೆಯುತ್ತಾ) ಇಳಿಸಿ ಮುಖ್ಯ ಕರ್ಣವನ್ನು ಗುಣಿಸಿ. ಎರಡು ಸಾಲು ಅದಲುಬದಲಾದಾಗಲೆಲ್ಲ ಚಿಹ್ನೆ ತಿರುಗಿಸಬೇಕು.