ಬಟ್ಟೆ ಚೆಂಡು, ಲೇಸ್ ಕಟ್ಟುವ ಹಳೇ ಬಾಲು, ಗಲ್ಲಿ ಫುಟ್‌ಬಾಲ್ ರೂಲ್ಸು: ಗೊತ್ತಿರೋರು ಬಿಡಿಸಿ ಹೇಳಿ

ಐದನೇ ಕ್ರಾಸ್:
ಬೆಂಗಳೂರಿನ ಗೌತಮಪುರ ಅಂದರೆ ಎಲ್ಲರೂ ಫುಟ್‌ಬಾಲ್ ಆಟಗಾರ ಪೆಲೆಯ ಪ್ರತಿಮೆ ಫೋಟೋ ಹಾಕ್ತಾರೆ. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಪಕ್ಕದಲ್ಲಿ ಪೆಲೆಯನ್ನೂ ನಿಲ್ಲಿಸಿಕೊಂಡ ಕೇರಿ, ಹೆಮ್ಮೆಯ ಮಾತೇ. ಆದರೆ ಅಲ್ಲಿ, ಆಸ್ಟಿನ್ ಟೌನಲ್ಲಿ, ಮರ್ಫಿ ಟೌನಲ್ಲಿ ಕೂಲಿ, ಮಿಲ್ಲು, ಫ್ಯಾಕ್ಟರಿ ಮನೆಗಳ ಮಕ್ಕಳು ಯಾವ ಚೆಂಡಲ್ಲಿ, ಯಾವ ನಿಯಮದಲ್ಲಿ ಆಡ್ತಿದ್ದರು ಅನ್ನೋದನ್ನ ಹೇಳೋರು ಕಮ್ಮಿ. ಹತ್ತು-ಹನ್ನೆರಡು ವಯಸ್ಸಿನ ಮಕ್ಕಳಿಗೆ ಅದೇ ಆಟ ಆಡಿಸಬೇಕು. ಗಲ್ಲಿ ಅಗಲ ಹನ್ನೆರಡು ಅಡಿ. ಬಟ್ಟೆ ಚೆಂಡು ಕಟ್ಟೋದು ಹೇಗೆ? ಅಟ್ಟದಲ್ಲಿ ಬಿದ್ದಿರೋ ಲೇಸ್ ಬಾಲನ್ನ, ಅಂದರೆ ಸೀಳನ್ನ ಲೇಸಿಂದ ಬಿಗಿಯೋ ಹಳೇ ಚರ್ಮದ ಫುಟ್‌ಬಾಲನ್ನ, ಮತ್ತೆ ಆಡೋ ಹಾಗೆ ಮಾಡಬಹುದಾ?

ಚಿಂದಿ ಗಂಟು:
ಬಟ್ಟೆ ಚೆಂಡಿಗೆ ಹಳೇ ಬನಿಯನ್ನೇ ಬೇಕು. ಅದು ಹಿಗ್ಗುತ್ತೆ, ಅದಕ್ಕೇ ಬಿಗಿ ನಿಲ್ಲುತ್ತೆ. ಸೀರೆ, ಶರ್ಟಿನ ಬಟ್ಟೆ ಹಿಗ್ಗೋದಿಲ್ಲ, ನಾಲ್ಕು ಒದೆತಕ್ಕೆ ಸಡಿಲ. ಟೈಲರ್ ಅಂಗಡಿ ಚಿಂದಿಯನ್ನ ಮುಷ್ಟಿ ಗಾತ್ರಕ್ಕೆ ಗಟ್ಟಿಯಾಗಿ ಮುದ್ದೆ ಮಾಡಿ. ಬನಿಯನ್ನನ್ನ ಮೂರು ಬೆರಳು ಅಗಲದ ಪಟ್ಟಿ ಮಾಡಿ ಎಳೆದೆಳೆದು ಸುತ್ತಿ. ಪ್ರತಿ ಸುತ್ತಿಗೂ ಚೆಂಡನ್ನ ಕಾಲು ಭಾಗ ತಿರುಗಿಸಲೇಬೇಕು. ಒಂದೇ ದಿಕ್ಕಿಗೆ ಸುತ್ತಿದರೆ ಮೊಟ್ಟೆ ಆಕಾರ ಬರುತ್ತೆ, ಆಮೇಲೆ ಎಷ್ಟು ಸುತ್ತಿದರೂ ಸರಿಹೋಗೋದಿಲ್ಲ.

ಬರೀ ಬಟ್ಟೆ ಪುಟಿಯೋದಿಲ್ಲ, ಪುಟಿಸೋದು ರಬ್ಬರು. ಹಳೇ ಸೈಕಲ್ ಟ್ಯೂಬಿನ ವಾಲ್ವ್ ಇರೋ ತುಂಡು ಕತ್ತರಿಸಿ ತೆಗೀರಿ. ಟ್ಯೂಬನ್ನ ಉದ್ದಕ್ಕೆ ಸೀಳಿ ಎರಡು ಸೆಂಟಿಮೀಟರ್ ಅಗಲದ ಪಟ್ಟಿ ಮಾಡಿ, ಒಂದು ಟ್ಯೂಬಲ್ಲಿ ಮೂರು ಸಿಗುತ್ತೆ. ಚೆಂಡು ಅರ್ಧ ಗಾತ್ರಕ್ಕೆ ಬಂದಾಗ ಒಂದು ಪಟ್ಟಿ, ಹದಿನಾರು-ಹದಿನೇಳು ಸೆಂಟಿಮೀಟರ್ ಅಡ್ಡಗಲಕ್ಕೆ ಬಂದಾಗ ಉಳಿದೆರಡು. ಬಳೆ ಹಾಗೆ ಅಡ್ಡ ಕತ್ತರಿಸಿ ಹಾಕೋಕೆ ಹೋಗಬೇಡಿ: ಸೈಕಲ್ ಟ್ಯೂಬಿನ ಬಳೆ ಅಷ್ಟು ದೊಡ್ಡ ಚೆಂಡಿಗೆ ಹಿಗ್ಗದೆ ಹರಿಯುತ್ತೆ. ಕೊನೇ ತುದಿಯನ್ನ ಹೇರ್‌ಪಿನ್ನಲ್ಲಿ ಕೆಳಗಿನ ಸುತ್ತಿಗೆ ತೂರಿಸಿ, ಪಿನ್ನು ಮರೀದೆ ತೆಗೀರಿ.

ಮೇಲೆ ಉದ್ದನೆ ಕಾಲುಚೀಲ. ಚೆಂಡನ್ನ ತುದಿವರೆಗೆ ತೂರಿಸಿ, ಬಾಯಿ ಹತ್ತಿರ ತಿರುಚಿ, ಉಳಿದ ಚೀಲವನ್ನ ಹಿಂದಕ್ಕೆ ಮಗುಚಿ ಮತ್ತೆ ಅದೇ ಚೆಂಡಿಗೆ ಹೊದಿಸಿ. ಎರಡು ಪದರ ಆಗುತ್ತೆ, ಗಂಟು ಬೇಕಿಲ್ಲ. ಕಾಲಿಗೆ ಗಂಟು ತಾಗೋದೇ ಬಟ್ಟೆ ಚೆಂಡಿನ ದೊಡ್ಡ ತೊಂದರೆ.

ಚೆಂಡು ತೀರಾ ಭಾರ ಆಗಬಾರದು. ಮೋರಿಗೆ ಬಿದ್ದರೆ ನೀರು ಕುಡಿದು ಕಲ್ಲಾಗುತ್ತೆ. ಇನ್ನೊಂದು ಚೆಂಡು ಕಟ್ಟಿಟ್ಟಿರಿ.

ದಬ್ಬಳ ದಾರ:
ಲೇಸ್ ಬಾಲು ಉಳಿಸಬಹುದು, ಆದರೆ ಒಳಗಿನ ಬ್ಲಾಡರ್ (ಗಾಳಿ ತುಂಬೋ ರಬ್ಬರ್ ಚೀಲ) ಮೇಲೆ ಆಸೆ ಬೇಡ. ಲೇಸ್ ಬಿಚ್ಚಿ ಕೈ ಹಾಕಿ ನೋಡಿ. ಅಂಟಂಟಾಗಿದ್ದರೆ, ಎಳೆದಾಗ ಸಣ್ಣ ಬಿರುಕು ಕಂಡರೆ ಹೊಸದು ಹಾಕಿ. ಬ್ಲಾಡರ್ ನಂಬರು (ಸೈಜು) ಬಾಲಿನ ನಂಬರಿಗೆ ಹೊಂದಬೇಕು. ನಾಲ್ಕನೇ ನಂಬರ್ ಬಾಲಿಗೆ ಐದರ ಬ್ಲಾಡರ್ ತುರುಕಿದರೆ ಒಳಗೆ ಮಡಿಕೆ ಬೀಳುತ್ತೆ, ಒಡೆಯೋದು ಆ ಮಡಿಕೆಯಲ್ಲೇ.

ಮೊದಲು ಚರ್ಮ. ಬೂಷ್ಟನ್ನ ಒಣ ಬಟ್ಟೇಲಿ, ಆಮೇಲೆ ಹಿಂಡಿದ ಒದ್ದೆ ಬಟ್ಟೇಲಿ ಒರೆಸಿ ಎರಡು ದಿನ ನೆರಳಲ್ಲಿಡಿ. ಬಿಸಿಲು ಬೇಡ, ಒಲೆ ಪಕ್ಕ ಮೊದಲೇ ಬೇಡ: ಚರ್ಮ ಸೆಟೆದು ಹೊಲಿಗೆ ಕಿತ್ತುಕೊಳ್ಳುತ್ತೆ. ಆಮೇಲೆ ಹರಳೆಣ್ಣೆ, ಬೆರಳಿಗೆ ಹತ್ತುವಷ್ಟು ಮಾತ್ರ. ಜಾಸ್ತಿ ಕುಡಿಸಿದರೆ ಚರ್ಮ ಜೋಲುತ್ತೆ, ಬಾಲು ಗುಂಡಗೆ ನಿಲ್ಲೋದಿಲ್ಲ.

ಹೊಲಿಗೆ ಬಿಟ್ಟಿದ್ದರೆ ಮೇಣ ಸವರಿದ ದಾರದ ಎರಡು ತುದಿಗೂ ಸೂಜಿ ಹಾಕಿ, ಹಳೇ ತೂತಲ್ಲೇ ಎರಡೂ ಕಡೆಯಿಂದ ತೂರಿಸಿ. ಹೊಸ ತೂತು ಕೊರೆದರೆ ಚರ್ಮ ಅಲ್ಲಿಂದಲೇ ಹರಿಯುತ್ತೆ. ಹೊಲಿಯುವಾಗ ಬ್ಲಾಡರ್ ಒಳಗಿರಕೂಡದು.

ಬ್ಲಾಡರಿಗೆ ಟಾಲ್ಕಂ ಪೌಡರ್ ಸವರಿ ಮಡಿಸಿ ತೂರಿಸಿ, ಅದರ ಗಾಳಿ ಹಾಕೋ ಕೊಳವೆ ಲೇಸಿನ ಸೀಳಿನ ನಡುವೆ ಬರಲಿ. ಲೇಸನ್ನ ಸಡಿಲವಾಗಿ ಪೋಣಿಸಿ. ಅರ್ಧ ಗಾಳಿ ಹಾಕಿ, ಸುತ್ತ ಒತ್ತಿ ಮಡಿಕೆ ಬಿಡಿಸಿ, ಗಾಳಿ ಬಿಟ್ಟು ಮತ್ತೆ ಹಾಕಿ. ಕೊಳವೆ ಎರಡು ಮಡಿಕೆ ಮಾಡಿ ಹತ್ತಿ ದಾರದಲ್ಲಿ ಬಿಗಿದು ಸೀಳಿನ ಒಳಗಿರೋ ಚರ್ಮದ ನಾಲಗೆ ಕೆಳಗೆ ಮಲಗಿಸಿ. ಆಮೇಲಷ್ಟೇ ಲೇಸ್ ಬಿಗಿಯೋದು. ದಬ್ಬಳದ ಮೊಂಡು ತುದಿಯನ್ನೇ ಒಳಗೆ ಹಾಕಿ. ಎಷ್ಟೋ ಹೊಸ ಬ್ಲಾಡರು ಒಂದು ಆಟ ಕಾಣದೆ ಸತ್ತಿರೋದು ಚೂಪು ತುದಿಯಿಂದ.

ರೂಲ್ಸಿನ ಪ್ರಕಾರ ಗಾಳಿ 0.6ರಿಂದ 1.1 ಅಟ್ಮಾಸ್ಫಿಯರ್. ಹಳೇ ಹೊಲಿಗೆಗೆ 0.6 ಸಾಕು. ಇಂಥ ಬಾಲನ್ನ ಮಕ್ಕಳು ತಲೆಯಲ್ಲಿ ಹೊಡೆಯೋದು ಬೇಡ. ಒದ್ದೆ ಚರ್ಮದ ಭಾರ ಒಂದು ಕಡೆ, ಲೇಸಿನ ಗಂಟು ಹಣೆ ಸೀಳೋದು ಇನ್ನೊಂದು ಕಡೆ.

ರೈಟ್ ಬ್ಯಾಕ್:
ಹನ್ನೆರಡು ಅಡಿಗೆ ಒಂದು ಕಡೆ ನಾಲ್ಕೇ ಜನ, ಗೋಲ್‌ಕೀಪರ್ ಇಲ್ಲ. ಗೋಲಿಗೆ ಎರಡೆರಡು ಇಟ್ಟಿಗೆ, ಪಾದಕ್ಕೆ ಪಾದ ಸೇರಿಸಿ ಐದು ಪಾದ ಅಗಲ. ಎರಡೂ ಗೋಲನ್ನ ಒಬ್ಬನೇ ಅಳೀಬೇಕು, ಇಲ್ಲದಿದ್ದರೆ ಜಗಳ ಅಲ್ಲೇ ಶುರು. ಮಂಡಿ ಮೇಲೆ ಹೋದದ್ದು ಗೋಲಲ್ಲ. ಕಾಂಪೌಂಡ್ ಗೋಡೆ ಆಟದೊಳಗೇ ಲೆಕ್ಕ: ಗೋಡೆಗೆ ಹೊಡೆದು ತಾನೇ ತಗೊಳ್ಳೋದನ್ನ ಕಲಿತ ಹುಡುಗನಿಗೆ ಮುಂದೆ ಮೈದಾನದಲ್ಲಿ ಒನ್-ಟು (ಜೊತೆಗಾರನಿಗೆ ಕೊಟ್ಟು ಓಡಿ ವಾಪಸ್ ತಗೊಳ್ಳೋದು) ಹೇಳಿಕೊಡಬೇಕಿಲ್ಲ. ಕಾರ್ನರಿಗೆ ಜಾಗ ಇರೋದಿಲ್ಲ, ಮೂರು ಕಾರ್ನರಿಗೆ ಒಂದು ಪೆನಾಲ್ಟಿ. ಸ್ಕೂಟರ್ ಬಂದರೆ, ಅಜ್ಜಿ ಕೊಡ ಹೊತ್ತು ಬಂದರೆ ‘ಟೈಮ್ ಪ್ಲೀಸ್’, ಚೆಂಡು ಎಲ್ಲಿತ್ತೋ ಅಲ್ಲಿಂದಲೇ ಮತ್ತೆ. ನೈಟ್ ಶಿಫ್ಟ್ ಮುಗಿಸಿ ಮಲಗಿರೋರ ಬಾಗಿಲಿಗೆ ತಾಗಿದರೆ ಎದುರಾಳಿಗೆ ಒಂದು ಗೋಲು. ಇದನ್ನ ಖಂಡಿತ ಇಡಿ.

ಟೀಮು ಮಾಡುವಾಗ ಸಮಬಲದ ಇಬ್ಬಿಬ್ಬರು ಜೋಡಿಯಾಗಿ ಮರೆಗೆ ಹೋಗಿ ಗುಟ್ಟಿನ ಹೆಸರು ಇಟ್ಟುಕೊಂಡು ಬರಲಿ, ‘ಸೂರ್ಯ ಬೇಕಾ, ಚಂದ್ರ ಬೇಕಾ?’ ಕ್ಯಾಪ್ಟನ್ ಕೇಳಿದ ಹೆಸರಿನವನು ಆ ಕಡೆ. ಕೊನೆಗೆ ಉಳಿದವನು ಅನ್ನೋ ಅವಮಾನ ಯಾವ ಮಗುವಿಗೂ ಆಗೋದಿಲ್ಲ.

ಬರಿಗಾಲಾದರೆ ಬೆರಳ ತುದಿಯಲ್ಲಿ ಒದೀಬಾರದು, ಉಗುರು ಏಳುತ್ತೆ. ಪಾದದ ಒಳಬದಿ, ಮೇಲ್ಬದಿ ಮಾತ್ರ. ಬರಿಗಾಲ ಆಟವನ್ನ ಕೀಳಾಗಿ ನೋಡೋರಿಗೆ 1948ರ ಲಂಡನ್ ಒಲಿಂಪಿಕ್ಸ್ ನೆನಪಿಸಬೇಕು: ಹೆಚ್ಚಿನವರು ಬರಿಗಾಲಲ್ಲಿದ್ದ ಭಾರತ ಫ್ರಾನ್ಸಿಗೆ ಸೋತಿದ್ದು 2-1ರಲ್ಲಿ, ನಮ್ಮ ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಆದರೂ ಮಕ್ಕಳನ್ನ ಇಳಿಸೋ ಮುಂಚೆ ಗಲ್ಲಿ ಗುಡಿಸಿ, ಗಾಜು ಮೊಳೆ ಹೆಕ್ಕಿ. ಟೆಟನಸ್ ಇಂಜೆಕ್ಷನ್ ಆಗಿದೆಯಾ ಅಂತ ಮನೆಯವರನ್ನ ಕೇಳಿಕೊಳ್ಳಿ.

ಐದನೇ ಕ್ರಾಸ್:
ತುಂಬಾ ಉಪಕಾರ ಆಯ್ತು. ಚಿಂದಿ ಗಂಟು ಅವರೇ, ಹೇಳಿದ ಹಾಗೇ ಟ್ಯೂಬ್ ಸುತ್ತಿದರೂ ಚೆಂಡು ಏಳ್ತಾ ಇಲ್ಲ. ಯಾಕೆ?

ಚಿಂದಿ ಗಂಟು:
ಬ್ಯೂಟೈಲ್ ಅನ್ನೋ ಕೃತಕ ರಬ್ಬರಿನ ಟ್ಯೂಬ್ ಇರಬೇಕು. ಗಾಳಿ ಚೆನ್ನಾಗಿ ಹಿಡಿಯುತ್ತೆ, ಪುಟಿಯೋದಿಲ್ಲ. ಒಂದು ಗೇಣು ಪಟ್ಟಿಯನ್ನ ನಿಂಬೆಕಾಯಿ ಹಾಗೆ ಬಿಗಿಯಾಗಿ ಸುತ್ತಿ ಸೊಂಟದ ಎತ್ತರದಿಂದ ಬಿಡಿ. ದಪ್ಪಂತ ಬಿದ್ದು ಅಲ್ಲೇ ಕೂತರೆ ಬ್ಯೂಟೈಲ್. ಸೈಕಲ್ ಶಾಪಲ್ಲಿ ನ್ಯಾಚುರಲ್ ರಬ್ಬರಿನ ಹಳೇ ಟ್ಯೂಬ್ ಕೇಳಿ, ಅಲ್ಲೇ ಬೀಳಿಸಿ ನೋಡಿ ತಗೊಳ್ಳಿ.